ಓದುಗರ ಪ್ರಶ್ನೆ: ತೋಟದ ಮನೆ, ಕೋವಿ ಮತ್ತು ಕ್ರೈಸ್ತ ನಂಬಿಕೆ

ಪ್ರಶ್ನೆ: ಮೂಡಿಗೆರೆ ಬಳಿ ಒಂಟಿ ತೋಟದ ಮನೆ ನಮ್ಮದು. ಕಳ್ಳರ ಭಯಕ್ಕೆ ಕೋವಿ ಇಟ್ಟುಕೊಳ್ಳುವುದು ಯೇಸುವಿನ ಮಾತಿಗೆ ವಿರುದ್ಧವೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಕತ್ತಿ ಕೊಂಡುಕೊಳ್ಳಿ ಎಂಬ ಲೂಕ 22:36ನ್ನು ಹಲವರು ಪರವಾನಗಿಯಂತೆ ಓದುತ್ತಾರೆ. ಆದರೆ ಎರಡೇ ಕತ್ತಿ ತೋರಿಸಿದಾಗ ಯೇಸು ‘ಸಾಕು’ ಎಂದರು; ಅದೇ ರಾತ್ರಿ ಪೇತ್ರ ಕತ್ತಿ ಬೀಸಿದಾಗ ತಡೆದರು. ಹಾಗಾಗಿ ಆ ಒಂದು ವಚನದ ಮೇಲೆ ಕೋವಿಯ ಭಾರ ಹೇರಬೇಡಿ.

ಹೆಚ್ಚು ಉಪಯುಕ್ತವಾದದ್ದು ವಿಮೋಚನಕಾಂಡ 22:2-3. ರಾತ್ರಿ ಕನ್ನ ಹಾಕಿದವನು ಏಟಿಗೆ ಸತ್ತರೆ ಹೊಡೆದವನಿಗೆ ರಕ್ತಾಪರಾಧವಿಲ್ಲ. ಸೂರ್ಯ ಹುಟ್ಟಿದ್ದರೆ ಉಂಟು. ಕಳ್ಳನ ಜೀವಕ್ಕೂ ಬೆಲೆಯಿದೆ ಎಂದರ್ಥ. ಕ್ಯಾಥೊಲಿಕ್ ಧರ್ಮೋಪದೇಶ ಆತ್ಮರಕ್ಷಣೆಯನ್ನು ಒಪ್ಪುತ್ತದೆ (ಪರಿಚ್ಛೇದ 2263-2265), ಅಗತ್ಯಕ್ಕಿಂತ ಹೆಚ್ಚಿನ ಬಲವನ್ನು ಒಪ್ಪುವುದಿಲ್ಲ. ಅಹಿಂಸೆ ಪಾಲಿಸುವ ಕ್ರೈಸ್ತ ಪಂಗಡವಾದ ಮೆನೊನೈಟರು ಮನುಷ್ಯರ ಮೇಲೆ ಆಯುಧ ಎತ್ತುವುದನ್ನೇ ಒಲ್ಲರು. ನಮ್ಮ ಮಟ್ಟಿಗೆ, ಪ್ರಾಣ ಉಳಿಸಲು ಸರಿ. ಕಾಫಿ ಮೂಟೆ ಉಳಿಸಲು ಅಲ್ಲ.

ಪ್ರಶ್ನೆ: ಕಾನೂನು ಏನನ್ನುತ್ತದೆ?
– ಸಕಲೇಶಪುರದಿಂದ ಇನ್ನೊಬ್ಬರು

ಉತ್ತರ: ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿನಂತೆ ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕೇ ಇಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಗುಂಡು ಹೊಡೆದವರು ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲೇ: ಅಪಾಯ ಮುಗಿದಿರುತ್ತದೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನಲ್ಲಿ ಕೆಲವರಿಗಿರುವ ವಿನಾಯಿತಿ ಹಾಸನ, ಚಿಕ್ಕಮಗಳೂರಿಗೆ ಅನ್ವಯಿಸದು. ಹತ್ತಿರದ ಜಿಲ್ಲೆ ಎಂದು ಮೋಸಹೋಗಬೇಡಿ. ಪರವಾನಗಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ, ನಂತರ ಪೊಲೀಸ್ ವರದಿ. 2019ರ ತಿದ್ದುಪಡಿಯ ನಂತರ ಅವಧಿ 5 ವರ್ಷ, ಸಾಮಾನ್ಯವಾಗಿ ಒಬ್ಬರಿಗೆ 2 ಆಯುಧ ಮಾತ್ರ. ಮನೆಯಲ್ಲಿ ಕೋವಿ ಖಾಲಿಯಾಗಿ ಬೀಗದೊಳಗಿರಲಿ, ತೋಟಾ ಬೇರೆ ಬೀಗದಲ್ಲಿ. ಅದಕ್ಕೂ ಮೊದಲು ಅಂಗಳಕ್ಕೊಂದು ದೀಪ, ಗಟ್ಟಿ ಚಿಲಕ, 112 ಸಂಖ್ಯೆ.