ನೆಲೋರ್ ಮತ್ತು ಆಂಗಸ್: ಇಳುವರಿ ಬೇರೆ, ಗುಣಮಟ್ಟ ಬೇರೆ

ಪ್ರಶ್ನೆ: ನಮ್ಮ ಒಂಗೋಲ್ ತಳಿಯಿಂದ ಬೆಳೆದ ನೆಲೋರ್ ದನಗಳನ್ನು ಬ್ರೆಜಿಲ್‌ನಲ್ಲಿ ಹುಲ್ಲುಗಾವಲಿನಲ್ಲೇ ಸಾಕುತ್ತಾರೆ. ಅವುಗಳ ಡ್ರೆಸ್ಸಿಂಗ್ ಪ್ರಮಾಣ (ಜೀವಂತ ತೂಕದಲ್ಲಿ ಕಳೇಬರದ ಶೇಕಡಾ ಪಾಲು) ಆಂಗಸ್ ದನಗಳಿಗಿಂತ ಕಡಿಮೆಯೇನಲ್ಲ ಎಂದು ಓದಿದ್ದೇನೆ. ಹಾಗಿದ್ದೂ ಅಲ್ಲಿನ ರೈತರು ನೆಲೋರ್ ಹಸುಗಳಿಗೆ ಆಂಗಸ್ ವೀರ್ಯವನ್ನು ಏಕೆ ಕೊಡಿಸುತ್ತಾರೆ?
— ಪಶುವೈದ್ಯಕೀಯ ವಿದ್ಯಾರ್ಥಿನಿ, ಬೀದರ್

ಉತ್ತರ: ನೀವು ಓದಿದ್ದು ಸರಿ, ಆದರೆ ಡ್ರೆಸ್ಸಿಂಗ್ ಪ್ರಮಾಣವೊಂದನ್ನೇ ನೋಡಿ ತಳಿಯನ್ನು ಅಳೆಯಲಾಗದು. 500 ಕಿಲೋ ತೂಗುವ ಪ್ರಾಣಿಯಿಂದ ಚರ್ಮ, ತಲೆ, ಗೊರಸು, ಒಳಾಂಗಗಳನ್ನು ತೆಗೆದ ಮೇಲೆ 270 ಕಿಲೋ ಕಳೇಬರ ಉಳಿದರೆ ಆ ಪ್ರಮಾಣ ಶೇ. 54, ಕಳೇಬರದ 15 ಕಿಲೋವನ್ನು ಒಂದು ಅರೋಬಾ ಎಂದು ಎಣಿಸುವ ಬ್ರೆಜಿಲ್ ವ್ಯಾಪಾರಿಯ ಲೆಕ್ಕದಲ್ಲಿ 18 ಅರೋಬಾ. ನೆಲೋರ್‌ನ ಹೊಟ್ಟೆ, ಕರುಳುಗಳ ತೂಕ ಕಡಿಮೆಯಿರುವುದರಿಂದ ಈ ಲೆಕ್ಕ ಅದಕ್ಕೆ ಅನುಕೂಲಕರ. ಆದರೆ ಆ 270 ಕಿಲೋದಲ್ಲಿ ಮೂಳೆಯೆಷ್ಟು, ಕೊಬ್ಬೆಷ್ಟು, ಮಾಂಸವೆಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಹುಲ್ಲು ಮೇಯ್ದ ದನದ ಹೊಟ್ಟೆಯಲ್ಲಿ ಮೇವಿನ ತೂಕವೂ ಹೆಚ್ಚಿರುವುದರಿಂದ, ಉಪವಾಸವಿಟ್ಟು ತೂಗಿದ ಹಿಂಡನ್ನು ಮೇಯ್ದುಬಂದ ಹಿಂಡಿನ ಜೊತೆ ಹೋಲಿಸಿದರೆ ತಳಿಯ ವ್ಯತ್ಯಾಸವೇ ಮಸುಕಾಗುತ್ತದೆ.

ನಿಜವಾದ ಅಂತರವಿರುವುದು ಮಾಂಸದ ಮೃದುತ್ವದಲ್ಲಿ. ವಧೆಯ ನಂತರ ಕ್ಯಾಲ್ಪೇನ್ ಎಂಬ ಕಿಣ್ವವು ಸ್ನಾಯುವಿನ ಎಳೆಗಳನ್ನು ನಿಧಾನವಾಗಿ ಸಡಿಲಿಸಿ ಮಾಂಸವನ್ನು ಮೆತ್ತಗಾಗಿಸುತ್ತದೆ. ಕ್ಯಾಲ್ಪಾಸ್ಟಾಟಿನ್ ಎಂಬ ಪ್ರೋಟೀನ್ ಆ ಕಿಣ್ವವನ್ನು ತಡೆಯುತ್ತದೆ. ನೆಲೋರ್‌ನಂಥ ಡುಬ್ಬದ ತಳಿಗಳಲ್ಲಿ ಈ ತಡೆ ಹೆಚ್ಚು ಪ್ರಬಲವಾದ್ದರಿಂದ ಅವುಗಳ ಮಾಂಸ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಮಾಗಲು ಹೆಚ್ಚು ದಿನ ಬೇಕಾಗುತ್ತದೆ. ಇದರೊಂದಿಗೆ ಕೊಬ್ಬಿನ ಪ್ರಶ್ನೆಯೂ ಇದೆ. ಒಣ ಋತುವಿನಲ್ಲಿ ಬ್ರಾಕಿಯಾರಿಯಾ ಹುಲ್ಲಿನ ಸತ್ವ ಕುಗ್ಗಿದಾಗ ಬೆಳವಣಿಗೆ ಕುಂಠಿತವಾಗಿ, ದನ ವಧೆಯ ತೂಕ ಮುಟ್ಟುವಷ್ಟರಲ್ಲಿ ವಯಸ್ಸಾಗಿರುತ್ತದೆ, ಬೆನ್ನಿನ ಕೊಬ್ಬು ಮಾತ್ರ ತೆಳುವಾಗಿಯೇ ಉಳಿಯುತ್ತದೆ. ಆ ಪದರ 3 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಶೀತಲಗೃಹದಲ್ಲಿ ಕಳೇಬರ ಬೇಗನೆ ತಣ್ಣಗಾಗಿ ಸ್ನಾಯು ಮುದುಡಿಕೊಳ್ಳುತ್ತದೆ. ಅದರಿಂದ ಮಾಂಸ ಇನ್ನಷ್ಟು ಗಡುಸಾಗುತ್ತದೆ.

ಸ್ಕಾಟ್ಲೆಂಡ್ ಮೂಲದ ಆಂಗಸ್ ಬೇಗ ಬಲಿಯುವ ತಳಿ. ಹುಲ್ಲಿನ ಮೇಲೆಯೂ ಅದು ಬೇಗನೆ ಕೊಬ್ಬು ಹೊದೆಯುತ್ತದೆ, ಮಾಂಸದೆಳೆಗಳ ನಡುವೆಯೂ ಕೊಬ್ಬು ಹಂಚಿಕೊಳ್ಳುತ್ತದೆ. ಆದರೆ ಬ್ರೆಜಿಲ್‌ನ ಸುಡುವ ಬಯಲಿನಲ್ಲಿ ರಕ್ತ ಹೀರುವ ಉಣ್ಣೆಹುಳುಗಳು ಮತ್ತು ಬಿಸಿಲು ಶುದ್ಧ ಆಂಗಸ್ ಹೋರಿಯನ್ನು ಹಣ್ಣಾಗಿಸುತ್ತವೆ. ಆದ್ದರಿಂದಲೇ ಕೃತಕ ಗರ್ಭಧಾರಣೆಯ ಮೂಲಕ ಆಂಗಸ್ ರಕ್ತವನ್ನು ನೆಲೋರ್ ತಾಯಿಗೆ ಸೇರಿಸುತ್ತಾರೆ. ಹುಟ್ಟುವ ಮಿಶ್ರ ಕರು ತಾಯಿಯ ಸಹನಶಕ್ತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡು, ನೆಲೋರ್‌ಗಿಂತ ವೇಗವಾಗಿ ಬೆಳೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ನೆಲೋರ್‌ನ ಸೋಲೇನೂ ಇಲ್ಲ. ಆ ತಾಯಿಯಿಲ್ಲದೆ ಅಲ್ಲಿ ಆಂಗಸ್‌ನ ಗುಣಗಳು ನಿಲ್ಲುತ್ತಲೇ ಇರಲಿಲ್ಲ. ನಮ್ಮ ಕೃಷ್ಣಾ ಕಣಿವೆಯ ತಳಿಯೂ ಹೀಗೆಯೇ ಅಮೆರಿಕದ ಬ್ರಾಹ್ಮನ್ ತಳಿಯ ರೂಪುಗೊಳ್ಳುವಿಕೆಯಲ್ಲಿ ಪಾಲು ಪಡೆದಿದೆ ಎಂಬುದನ್ನು ಉತ್ತರ ಕರ್ನಾಟಕದಲ್ಲಿ ಓದುತ್ತಿರುವ ನೀವು ನೆನಪಿಡಬೇಕು.

ಎರಡು ತಳಿಗಳ ಕೋಷ್ಟಕ ಕೈಗೆ ಬಂದಾಗ ಮೊದಲು ಅವನ್ನು ಒಂದೇ ವಯಸ್ಸಿನಲ್ಲಿ ಹೋಲಿಸಿದ್ದಾರೆಯೇ, ಒಂದೇ ಕೊಬ್ಬಿನ ದಪ್ಪದಲ್ಲಿ ಹೋಲಿಸಿದ್ದಾರೆಯೇ ಎಂದು ನೋಡಿ. ಒಂದೇ ವಯಸ್ಸಿನಲ್ಲಿ ಆಂಗಸ್ ಹೆಚ್ಚು ಕೊಬ್ಬಿರುವುದರಿಂದ ಅದರ ಕಳೇಬರದಲ್ಲಿ ಮಾಂಸದ ಶೇಕಡಾವಾರು ಪಾಲು ಕಡಿಮೆಯೆಂದು ಕಾಣಬಹುದು. ಕೊಬ್ಬಿನ ದಪ್ಪವನ್ನು ಸಮವಾಗಿಟ್ಟರೆ ಆ ಅಂತರ ಬಹಳಷ್ಟು ಕರಗಿಹೋಗುತ್ತದೆ.