ನೌಕೆಯೊಳಗೆ ಏನಿತ್ತು ಅಂತ ಮೊದಲು ಹೇಳಿ

ನಮಸ್ಕಾರ,

ನೀವು ಕಳಿಸಿದ 'ನೆತ್ತಿಯ ಮೇಲೆ ವಿಕಿರಣ' ಲೇಖನವನ್ನು ಎರಡು ಸಲ ಓದಿದೆ. 2025ರ ಮೇ 10ರಂದು ಬಿದ್ದ ಸೋವಿಯತ್ ನೌಕೆ ಕಾಸ್ಮಾಸ್ 482ರ ಸುದ್ದಿ ನೋಡಿ ಯಶವಂತಪುರದಲ್ಲಿ ನಿಮ್ಮ ಅಜ್ಜಿ ನೀರಿನ ಡ್ರಮ್ಮುಗಳಿಗೆಲ್ಲ ಮುಚ್ಚಳ ಹಾಕಿಸಿದ್ದು ತುಂಬಾ ಚೆನ್ನಾಗಿ ಬಂದಿದೆ. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ವಿಕಿರಣ ಬೀಳುತ್ತದೆ ಅಂತ ಟೀವಿಯವರು ಸುಮ್ನೆ ಹೆದರಿಸಿದರು ಅಂತ ಬೈಯುತ್ತೀರಿ. ಸರಿ. ಆದರೆ ನೌಕೆಯೊಳಗೆ ಏನಿತ್ತು ಅಂತ ನೀವೂ ಹೇಳಿಲ್ಲ ಅಲ್ವಾ? ಅದು 1972ರಲ್ಲಿ ಶುಕ್ರಗ್ರಹಕ್ಕೆ ಹೊರಟು ಭೂಮಿಯ ಸುತ್ತಲೇ ಸಿಕ್ಕಿಬಿದ್ದ ನೌಕೆ. ಅದರಲ್ಲಿ ಅಣು ರಿಯಾಕ್ಟರ್ ಇರಲಿಲ್ಲ. ಈ ಒಂದು ಸಾಲು ಅಜ್ಜಿಗೆ ಆ ದಿನವೇ ಸಿಗಬೇಕಿತ್ತು.

ಹಾಗಂತ ಕೊನೆಯ ಪುಟದಲ್ಲಿ 'ಇದೆಲ್ಲ ಬರೀ ಕಟ್ಟುಕತೆ' ಅಂದಿದ್ದೀರಿ. ಅದು ಇನ್ನೂ ದೊಡ್ಡ ತಪ್ಪು. 1978ರ ಜನವರಿ 24ರಂದು ಕೆನಡಾದ ಹಿಮದ ಮೇಲೆ ಬಿದ್ದ ಇನ್ನೊಂದು ಸೋವಿಯತ್ ಉಪಗ್ರಹ ಕಾಸ್ಮಾಸ್ 954ರಲ್ಲಿ ಯುರೇನಿಯಂ ತುಂಬಿದ ರಿಯಾಕ್ಟರ್ ಇತ್ತು. ಚೂರುಗಳು ನೂರಾರು ಕಿಲೋಮೀಟರ್ ಉದ್ದಕ್ಕೆ ಚೆಲ್ಲಿದವು. ಆ ಚಳಿಯಲ್ಲಿ ಜನ ತಿಂಗಳುಗಟ್ಟಲೆ ಹುಡುಕಿದರು. ಕೆಲವು ಚೂರುಗಳಲ್ಲಿ ನಿಜಕ್ಕೂ ಅಪಾಯಕಾರಿ ವಿಕಿರಣವಿತ್ತು. ಕೆನಡಾ ಸೋವಿಯತ್ ಒಕ್ಕೂಟದಿಂದ 60 ಲಕ್ಷ ಡಾಲರ್ ಪರಿಹಾರ ಕೇಳಿತು, 1981ರಲ್ಲಿ 30 ಲಕ್ಷಕ್ಕೆ ಒಪ್ಪಂದವಾಯಿತು. ಆ ಹಿಮದಲ್ಲಿ ನಡೆದವರಿಗೆ ಕಟ್ಟುಕತೆ ಅನ್ನೋಕಾಗುತ್ತಾ?

ಮಾಧ್ಯಮದ ಬಗ್ಗೆಯೇ ಬರೆಯಬೇಕು ಅಂದರೆ ಮಾರ್ಸ್ 96ರ ಕತೆ ತನ್ನಿ. 1996ರ ನವೆಂಬರಿನಲ್ಲಿ ಬಿದ್ದ ಈ ರಷ್ಯನ್ ನೌಕೆಯಲ್ಲಿ ವಿಕಿರಣ ಸೂಸುವ ಪ್ಲುಟೋನಿಯಂ ಸುಮಾರು 200 ಗ್ರಾಂ ಇತ್ತು. ಮೊದಲು ಆಸ್ಟ್ರೇಲಿಯಾದ ಕಡೆ ಬೀಳುತ್ತದೆ ಅಂದರು, ಅಲ್ಲಿ ಗಾಬರಿಯಾಯಿತು. ಆಮೇಲೆ ನೋಡಿದರೆ ಚಿಲಿ, ಬೊಲಿವಿಯಾದ ಕಡೆ! ಆ ಜನಕ್ಕೆ ಮುನ್ಸೂಚನೆಯೇ ಇರಲಿಲ್ಲ. ನನಗೆ ಇದು ಇವತ್ತಿಗೂ ನೋವಿನ ವಿಷಯ.

ಇನ್ನೊಂದು, 'ಪ್ಲುಟೋನಿಯಂ ಮುಟ್ಟಿದರೆ ಸಾವು' ಅನ್ನುವ ಸಾಲು ತೆಗೆಯಿರಿ. ನೌಕೆಗಳಲ್ಲಿ ಬಳಸುವ ಪ್ಲುಟೋನಿಯಂ 238 ಸೂಸುವ ವಿಕಿರಣ, ಅಂದರೆ ಆಲ್ಫಾ ಕಣಗಳು, ಚರ್ಮ ದಾಟುವುದಿಲ್ಲ. ಅದು ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋದರೆ ಅಪಾಯ ಜಾಸ್ತಿ.

ನೌಕೆಗಳ ಜಾಡು ನೋಡುವ ಇಸ್ರೋದ ಕೇಂದ್ರ ಇಸ್ಟ್ರ್ಯಾಕ್ ನಿಮಗೆ ಹತ್ತಿರದ ಪೀಣ್ಯದಲ್ಲೇ ಇದೆ. ಅವರಿಗೊಂದು ಪತ್ರ ಬರೆದು ಕೇಳಿ. ಲೇಖನವನ್ನು ಅಜ್ಜಿಯ ಡ್ರಮ್ಮುಗಳಿಂದಲೇ ಶುರು ಮಾಡಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ