ದೇವರನ್ನು ನಂಬದಿರುವುದೂ ಒಂದು ನಂಬಿಕೆಯೇ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಕಳೆದ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಿದ್ದರು. ಊಟ ಆದಮೇಲೆ ನಮ್ಮ ಭಾವ ಎಲ್ಲರೆದುರು, ‘ದೇವರಿಲ್ಲ ಅನ್ನೋದೂ ಒಂದು ನಂಬಿಕೆನೇ ಕಣಪ್ಪ, ನಿಂದೂ ಒಂದು ಧರ್ಮನೇ’ ಅಂದರು. ‘ದೇವರು ಇಲ್ಲವೇ ಇಲ್ಲ, ಅದರಲ್ಲಿ ನಂಬೋದೇನು ಬಂತು’ ಅಂತ ನಾನೂ ರೇಗಿದೆ. ಅವರು ಹೇಳಿದ್ದು ಸರಿನಾ? ಇನ್ನೊಂದು ವಿಷಯ: ಅರ್ಜಿಗಳಲ್ಲಿ ಧರ್ಮದ ಕಾಲಂ ಇರುತ್ತಲ್ಲ, ಅಲ್ಲಿ ನಾನು ಏನು ಬರೆಯಬೇಕು?

ಉತ್ತರ: ಭಾವನವರ ಮಾತು ಅರ್ಧ ಸರಿ. ಆ ಅರ್ಧಕ್ಕೆ ದಾರಿ ಮಾಡಿಕೊಟ್ಟವರು ಮಾತ್ರ ನೀವೇ.

ನಿಮ್ಮ ಪತ್ರ ಇನ್ನೊಮ್ಮೆ ಓದಿ ನೋಡಿ. ಮೊದಲು ‘ನಂಬಿಕೆ ಇಲ್ಲ’ ಅಂದಿದ್ದೀರಿ. ಸಿಟ್ಟು ಬಂದಾಗ ‘ಇಲ್ಲವೇ ಇಲ್ಲ’ ಅಂದಿದ್ದೀರಿ. ಇವೆರಡೂ ಒಂದೇ ಅಲ್ಲ. ನಿಮ್ಮ ಪಕ್ಕದ ಚಿತ್ರದುರ್ಗದ ಕಡೆ ನಿಧಿ ಹುಡುಕೋರ ಕಥೆ ಕೇಳಿರುತ್ತೀರಿ. ಒಬ್ಬ ಬಂದು ಈ ಬಂಡೆ ಕೆಳಗೆ ಕೊಪ್ಪರಿಗೆ ಹೊನ್ನಿದೆ ಅಂತಾನೆ ಅಂದುಕೊಳ್ಳಿ. ‘ನೀನು ಹೇಳಿದ ಮಾತ್ರಕ್ಕೆ ನಾನು ನಂಬಲ್ಲ’ ಅಂದರೆ ನೀವು ಏನನ್ನೂ ತೋರಿಸಬೇಕಾಗಿಲ್ಲ. ಗುದ್ದಲಿ ಹಿಡಿಯಬೇಕಾದವನು ಅವನು. ಆದರೆ ‘ಅಲ್ಲಿ ಏನೂ ಇಲ್ಲ, ಬರೆದುಕೋ’ ಅಂದಿರೋ, ಬಂಡೆ ಕೆಳಗೆ ಏನಿದೆ ಅನ್ನೋದರ ಬಗ್ಗೆ ನಿಮ್ಮದೂ ಒಂದು ಮಾತು ಆಯಿತು. ಅದಕ್ಕೆ ಕಾರಣ ಕೊಡಬೇಕಾದವರು ನೀವು.

ಆಂಟನಿ ಫ್ಲೂ ಅನ್ನೋ ಇಂಗ್ಲಿಷ್ ತತ್ತ್ವಜ್ಞಾನಿ 1972ರಲ್ಲಿ ಈ ವ್ಯತ್ಯಾಸವನ್ನೇ ಇಟ್ಟುಕೊಂಡು ವಾದ ಮಾಡಿದರು. ಸುಮ್ನೆ ನಂಬದೆ ಇರುವವರನ್ನೂ ನಾಸ್ತಿಕರೆಂದೇ ಕರೆಯೋಣ, ಚರ್ಚೆ ಅಲ್ಲಿಂದ ಶುರುವಾಗಲಿ, ದೇವರಿದ್ದಾನೆ ಅನ್ನುವವರು ಮೊದಲು ಕಾರಣ ಕೊಡಲಿ ಅನ್ನೋದು ಅವರ ಮಾತು. ಎಲ್ಲ ತತ್ತ್ವಜ್ಞಾನಿಗಳೂ ಇದನ್ನು ಒಪ್ಪಿಲ್ಲ. ‘ಇಲ್ಲ’ ಅಂತ ಖಚಿತವಾಗಿ ಹೇಳುವವನೇ ನಾಸ್ತಿಕ, ಉಳಿದವರು ಇನ್ನೂ ತೀರ್ಮಾನಕ್ಕೆ ಬರದವರು ಅನ್ನುವವರು ಇವತ್ತಿಗೂ ಜಾಸ್ತಿ ಜನ ಇದ್ದಾರೆ.

ಹಾಗಾದರೆ ‘ಇಲ್ಲ’ ಅಂತ ಖಚಿತವಾಗಿ ಹೇಳೋಕೆ ಆಗುತ್ತಾ? ಇಲ್ಲಿ ನಾನು ದೂರ ಹೋಗಲ್ಲ. ಸುಮಾರು ಏಳನೇ ಶತಮಾನದ ಮೀಮಾಂಸಕ (ವೇದವಾಕ್ಯಗಳ ಅರ್ಥ ವಿಚಾರಿಸುವ ಪಂಥದವನು) ಕುಮಾರಿಲ ಭಟ್ಟ ಇದರ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡವನು. ನೆಲದ ಮೇಲೆ ಮಡಕೆ ಇಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಕಾಣದೆ ಇರುವುದರಿಂದಲೇ ಗೊತ್ತಾಗುತ್ತೆ. ಇಲ್ಲದ್ದನ್ನು ತಿಳಿಯುವುದೂ ತಿಳಿವಳಿಕೆಯೇ ಅಂತ ಅವನ ಪಂಥದವರು ಒಪ್ಪಿದರು, ಅದಕ್ಕೆ ಅನುಪಲಬ್ಧಿ ಅಂತ ಹೆಸರಿಟ್ಟು ಪ್ರಮಾಣಗಳ, ಅಂದರೆ ಸರಿಯಾಗಿ ತಿಳಿಯುವ ದಾರಿಗಳ, ಸಾಲಿಗೇ ಸೇರಿಸಿದರು. ಆದರೆ ಇದಕ್ಕೆ ಒಂದು ಷರತ್ತಿದೆ: ಆ ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂತಿರಬೇಕು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣಲಿಲ್ಲ ಅಂದರೆ ಇಲ್ಲ ಅಂತ ಹೇಳಬಹುದು. ಕತ್ತಲೆಯಲ್ಲಿ ಕಾಣಲಿಲ್ಲ ಅಂದರೆ ಏನೂ ಹೇಳೋಕಾಗಲ್ಲ.

ನಿಮ್ಮ ಜಗಳಕ್ಕೆ ಇದು ನೇರವಾಗಿ ಅನ್ವಯಿಸುತ್ತೆ. ಹರಕೆ ಹೊತ್ತರೆ ಕಾಯಿಲೆ ತಪ್ಪದೆ ವಾಸಿ ಮಾಡುವ ದೇವರು ಅಂದರೆ ಅದನ್ನು ನೋಡಿ ಪರೀಕ್ಷೆ ಮಾಡಬಹುದು. ಆಗಲಿಲ್ಲ ಅಂದರೆ ಅಂಥ ದೇವರಿಲ್ಲ ಅನ್ನೋಕೆ ನಿಮಗೆ ಕಾರಣ ಸಿಕ್ಕಿತು. ಆದರೆ ಕಣ್ಣಿಗೆ ಕಾಣಲ್ಲ, ಯಾವುದಕ್ಕೂ ಕೈ ಹಾಕಲ್ಲ, ಯಾವ ಗುರುತೂ ಬಿಡಲ್ಲ ಅನ್ನುವ ದೇವರ ಬಗ್ಗೆ ‘ಕಾಣಲಿಲ್ಲ, ಆದ್ದರಿಂದ ಇಲ್ಲ’ ಅನ್ನೋದು ಕತ್ತಲೆ ಕೋಣೆಯ ಮಾತು. ಅಂಥ ದೇವರನ್ನು ನಂಬೋಕೆ ಕಾರಣವೇ ಇಲ್ಲ ಅಂತ ಬೇಕಾದರೆ ಹೇಳಿ, ಅದು ಗಟ್ಟಿ ವಾದ. ಹೀಗಾಗಿ ಭಾವನವರ ಜೊತೆ ಮಾತು ಮುಂದುವರಿಸೋದಾದರೆ ‘ಯಾವ ದೇವರು?’ ಅಂತ ಮೊದಲು ಕೇಳಬೇಕಿತ್ತು.

ಇನ್ನು ‘ಇಲ್ಲ’ ಅನ್ನೋದು ನಿಮ್ಮ ಅಭಿಪ್ರಾಯವೇ ಆದರೂ ಅದು ಭಾವನವರ ಭಕ್ತಿಯ ಜಾತಿಗೆ ಸೇರಲ್ಲ. ಸಾಕ್ಷಿ ಬಂದರೆ ಬದಲಾಯಿಸ್ತೀರಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಹೌದು ಅಂದರೆ ಅದು ಬೇರೆಲ್ಲ ಅಭಿಪ್ರಾಯಗಳ ಹಾಗೆ ಒಂದು ಅಭಿಪ್ರಾಯ, ಅಷ್ಟೆ. ಏನೇ ಬಂದರೂ ಬದಲಾಯಿಸಲ್ಲ ಅಂತೀರಾದರೆ ಭಾವನವರು ಗೆದ್ದ ಹಾಗೆ.

‘ನಿಂದೂ ಒಂದು ಧರ್ಮ’ ಅನ್ನೋ ಭಾಗ ಮಾತ್ರ ನಿಲ್ಲಲ್ಲ. ದೇವರು, ಧರ್ಮ ಎರಡೂ ಯಾವಾಗಲೂ ಜೊತೆಗೇ ಬರಲ್ಲ. ಜೈನರು ಸೃಷ್ಟಿಕರ್ತನನ್ನು ಒಪ್ಪಲ್ಲ, ಆದರೂ ಬಸದಿ, ವ್ರತ, ಮುನಿಗಳು ಎಲ್ಲ ಇದ್ದಾರೆ. ಮೇಲೆ ಹೇಳಿದ ಕುಮಾರಿಲನೂ ವೇದಕ್ಕಾಗಿ ಜೀವನವಿಡೀ ವಾದ ಮಾಡಿದವನು, ಆದರೆ ಜಗತ್ತನ್ನು ಸೃಷ್ಟಿಸಿದವನೊಬ್ಬ ಇದ್ದಾನೆ ಅನ್ನೋದನ್ನು ಒಪ್ಪಲಿಲ್ಲ. ಕರುಣೆಯಿಂದ ಸೃಷ್ಟಿಸಿದ ಅಂತೀರಲ್ಲ, ಇನ್ನೂ ಯಾವ ಜೀವಿಯೂ ಇಲ್ಲದಾಗ ಕರುಣೆ ಯಾರ ಮೇಲೆ ಅಂತ ಕೇಳಿದ! ನಿಮ್ಮ ಹತ್ತಿರ ಗ್ರಂಥವಿಲ್ಲ, ವ್ರತವಿಲ್ಲ, ಹಬ್ಬವಿಲ್ಲ (ಜಾತ್ರೆ ಊಟ ಬಿಟ್ಟು). ಧರ್ಮ ಅನ್ನೋಕೆ ಅಲ್ಲಿ ಏನೂ ಇಲ್ಲ.

ಅರ್ಜಿಯ ವಿಷಯ. ‘ಯಾವ ಧರ್ಮವೂ ಇಲ್ಲ’ ಅಂತ ಬರೆಯಬಹುದು. 2014ರಲ್ಲಿ ಬಾಂಬೆ ಹೈಕೋರ್ಟು, ಧರ್ಮ ಹೇಳಲೇಬೇಕು ಅಂತ ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಮಜಾ ಏನೆಂದರೆ ಅಲ್ಲಿ ಕೇಸು ಹಾಕಿದವರು ನಾಸ್ತಿಕರಲ್ಲ. ಯೇಸುವನ್ನು ನಂಬುತ್ತೇವೆ, ಆದರೆ ಕ್ರೈಸ್ತ ಧರ್ಮ ಸೇರಿ ಯಾವ ಧರ್ಮವೂ ನಮ್ಮದಲ್ಲ ಅಂದವರು. ಅದು ನಮ್ಮ ಹೈಕೋರ್ಟಿನ ತೀರ್ಪಲ್ಲ ನಿಜ, ಆದರೆ ಅದು ಆಧರಿಸಿದ ಸಂವಿಧಾನದ 25ನೇ ವಿಧಿ ಎಲ್ಲ ಕಡೆಗೂ ಒಂದೇ. 2011ರ ಜನಗಣತಿಯಲ್ಲೂ 28 ಲಕ್ಷಕ್ಕಿಂತ ಜಾಸ್ತಿ ಜನ ಧರ್ಮ ತಿಳಿಸದವರ ಲೆಕ್ಕದಲ್ಲಿದ್ದಾರೆ. ಅವರೆಲ್ಲ ನಾಸ್ತಿಕರು ಅಂತಲ್ಲ.

ಒಂದು ಎಚ್ಚರಿಕೆ. ಅರ್ಜಿ ಜಾತಿ ಪ್ರಮಾಣಪತ್ರಕ್ಕೋ ಮೀಸಲಾತಿಗೋ ಸಂಬಂಧಪಟ್ಟಿದ್ದರೆ ಅವಸರ ಮಾಡಬೇಡಿ. ಪರಿಶಿಷ್ಟ ಜಾತಿಯ ಪಟ್ಟಿಗೂ ಧರ್ಮಕ್ಕೂ ರಾಷ್ಟ್ರಪತಿಗಳ 1950ರ ಆದೇಶದಲ್ಲೇ ಗಂಟು ಬಿದ್ದಿದೆ: ಆ ಪಟ್ಟಿಗೆ ಸೇರೋಕೆ ಧರ್ಮವೂ ಒಂದು ಷರತ್ತು. ಅಂಥ ಅರ್ಜಿಯಾದರೆ ಆ ಕಾಲಂ ತುಂಬುವ ಮೊದಲು ವಕೀಲರೊಬ್ಬರನ್ನು ಕೇಳಿ.